ಕಿರಿಯ ಮಗನೂ ಹಾಸ್ಟೆಲ್ ಸೇರಿದ ಮೇಲೆ: ಕುಂಡದ ಮೆಂತ್ಯ, ಕಸೂತಿ, ಅತ್ತೆಯ ಕೌದಿ

ಪ್ರಶ್ನೆ: ನಾನು ಧಾರವಾಡದ ಗೃಹಿಣಿ, ವಯಸ್ಸು 48. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಕಿರಿಯ ಮಗ ಈ ಆಗಸ್ಟ್‌ನಲ್ಲಿ ಇಂಜಿನಿಯರಿಂಗ್ ಓದಲು ಮಂಗಳೂರಿಗೆ ಹೋಗಿ ಹಾಸ್ಟೆಲ್ ಸೇರಿದ. ಮನೆಯಲ್ಲಿ ಈಗ ನಾನು, ಯಜಮಾನರು ಮತ್ತು 78 ವರ್ಷದ ಅತ್ತೆ. ಅವನು ಹೋದಾಗಿನಿಂದ ಹೊತ್ತೇ ಹೋಗುವುದಿಲ್ಲ. ಈಗಲೂ ಅವನ ಲೆಕ್ಕ ಸೇರಿಸಿಯೇ ರೊಟ್ಟಿ ಬಡಿಯುತ್ತೇನೆ. ದಿನಕ್ಕೆ ಮೂರು ಸಲ ಫೋನ್ ಮಾಡಿದರೆ 'ಊಟ ಆಯಿತಮ್ಮ, ಆಮೇಲೆ ಮಾಡುತ್ತೇನೆ' ಎಂದು ಇಟ್ಟುಬಿಡುತ್ತಾನೆ. ದಸರೆಗೆ ಬಂದವನು ನಾಲ್ಕು ದಿನವೂ ಮಲಗಿದ್ದ, ಇಲ್ಲವೇ ಗೆಳೆಯರ ಜೊತೆ ಹೊರಗಿದ್ದ. ಮನಸ್ಸು ಬೇರೆಡೆ ಹೊರಳಲಿ ಎಂದು ತಾರಸಿಯಲ್ಲಿ ಇಪ್ಪತ್ತು ಕುಂಡ ಇಟ್ಟು ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿ ಹಾಕಿದೆ. ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದರೂ ಅರ್ಧ ಸತ್ತವು, ಮೆಣಸಿನ ಎಲೆ ಮುಟುರಿಕೊಂಡಿದೆ. ಮದುವೆಗೆ ಮುಂಚೆ ಕಸೂತಿ ಹಾಕುತ್ತಿದ್ದೆ. ಮಗಳಿಗೆಂದು ಕಪ್ಪು ಸೀರೆಯ ಮೇಲೆ ಶುರು ಮಾಡಿದರೆ ಕಣ್ಣು ಹಿಡಿಯುವುದಿಲ್ಲ, ಎಣಿಕೆ ತಪ್ಪುತ್ತದೆ, ಬಿಚ್ಚಿ ಬಿಚ್ಚಿ ಸಾಕಾಗಿದೆ. ಮಗನ ಹಳೆಯ ಬಟ್ಟೆಗಳಿಂದ ಕೌದಿ ಹೊಲಿಯುವ ಆಸೆಯಿದೆ. ಅವನ ಕೋಣೆಯನ್ನು ಹೊಲಿಗೆಗೆ ಬಳಸಿದರೆ ತಪ್ಪೇ? ಅಕ್ಕಪಕ್ಕದವರು ಕಸೂತಿ ಮಾಡಿ ಮಾರು ಎನ್ನುತ್ತಾರೆ. ಯಜಮಾನರಿಗೆ ನಿವೃತ್ತಿಗೆ ಎರಡು ವರ್ಷವಿದೆ. ಅವರು ದಿನಾ ಮೊಬೈಲ್‌ನಲ್ಲಿ ಮಂಗಳೂರಿನ ಮಳೆ ನೋಡುತ್ತಾರೆ, ಮಗನಿಗೆ ಫೋನ್ ಮಾತ್ರ ಮಾಡುವುದಿಲ್ಲ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ನಾನು ಏನು ಮಾಡಬೇಕು?

ಉತ್ತರ: ಮೊದಲು ನಿದ್ದೆಯ ವಿಷಯ. ಅದನ್ನು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47ರ ಆಸುಪಾಸು. ಕಿರಿಯ ಮಗು ಮನೆ ಬಿಡುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ಹಾಗಾಗಿ ನಡುರಾತ್ರಿ ಮೈ ಬಿಸಿಯಾಗಿ ಎಚ್ಚರವಾಗುವುದು, ಎದೆ ಡವಡವ ಅನ್ನುವುದು, ಸಣ್ಣ ಮಾತಿಗೂ ಕಣ್ಣು ತುಂಬುವುದು, ಇವನ್ನೆಲ್ಲ ಮಗನ ಅಗಲಿಕೆಯ ಖಾತೆಗೇ ಬರೆದುಕೊಂಡು ಸುಮ್ಮನಿರುವ ತಾಯಂದಿರು ಬಹಳ. ಒಮ್ಮೆ ಸ್ತ್ರೀರೋಗ ತಜ್ಞರನ್ನು ಕಂಡು ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಎರಡು ವಾರ ಕಳೆದರೂ ದಿನವಿಡೀ ಮಂಕು ಇಳಿಯದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸುವ ಯೋಚನೆ ಸುಳಿದರೆ ತಡಮಾಡಬೇಡಿ. ನಿಮ್ಮ ಊರಿನಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇನ್ನು ನಿಮ್ಮ ದುಃಖಕ್ಕೆ ಬರೋಣ. ಅದಕ್ಕೆ ನಾಚಿಕೊಳ್ಳುವಂಥದ್ದೇನೂ ಇಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಬೆಳಗಿನ ಡಬ್ಬಿ, ಶಾಲೆಯ ಬಸ್, ಸಂಜೆಯ ಟ್ಯೂಷನ್, ಪರೀಕ್ಷೆ, ಜ್ವರ ಎಂದು ನಿಮ್ಮ ದಿನದ ಗಂಟೆಗಳನ್ನೆಲ್ಲ ಮಕ್ಕಳೇ ಗೊತ್ತುಮಾಡಿದ್ದರು. ಮಗಳು ಹೋದಾಗ ಮಗನಿದ್ದ, ಆದ್ದರಿಂದ ಆ ಗಡಿಯಾರ ನಿಲ್ಲಲಿಲ್ಲ. ಈಗ ನಿಂತಿದೆ. ರೊಟ್ಟಿಯ ಲೆಕ್ಕ ತಪ್ಪುವುದು ಕೈಗೆ ಅಂಟಿದ ರೂಢಿ. ಕೆಲವು ತಿಂಗಳು ಹಾಗೇ ಇರುತ್ತದೆ, ಬಿಡಿ. ಹೆಚ್ಚಾದ ರೊಟ್ಟಿಯನ್ನು ಒಣಗಿಸಿ ಕಟಕ ರೊಟ್ಟಿ ಮಾಡಿದರಾಯಿತು.

ನನಗೆ ಚಿಂತೆಯಾದದ್ದು ಬೇರೆಯೇ. ಆಗಸ್ಟ್‌ನಿಂದ ಈಚೆಗೆ ನೀವು ಇಪ್ಪತ್ತು ಕುಂಡ, ಒಂದು ಇಡೀ ಸೀರೆಯ ಕಸೂತಿ, ಒಂದು ಕೌದಿ, ಜೊತೆಗೆ ವ್ಯಾಪಾರದ ಯೋಚನೆ, ಇಷ್ಟನ್ನೂ ಒಟ್ಟಿಗೆ ಎಳೆದುಕೊಂಡಿದ್ದೀರಿ. ಮಗನ ಮೇಲೆ ಹರಿಯುತ್ತಿದ್ದ ಗಮನವನ್ನೆಲ್ಲ ಅದೇ ರಭಸದಲ್ಲಿ ಇವುಗಳ ಮೇಲೆ ಸುರಿಯುತ್ತಿದ್ದೀರಿ. ಗಿಡಕ್ಕಾಗಲಿ ಸೂಜಿಗಾಗಲಿ ಅಷ್ಟು ಗಮನ ಬೇಕಿಲ್ಲ. ಅವಕ್ಕೆ ಅವುಗಳದೇ ನಡಿಗೆಯಿದೆ, ಅದನ್ನು ನೀವು ಕಲಿಯಬೇಕು. ನನ್ನ ಸಲಹೆಯೆಲ್ಲ ಈ ಒಂದು ಮಾತಿನ ವಿಸ್ತರಣೆ.

ಕುಂಡಗಳನ್ನೇ ನೋಡಿ. ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದರೂ ಸತ್ತವು ಎಂದಿದ್ದೀರಿ. ಸತ್ತದ್ದು ಬಹುತೇಕ ಆ ನೀರಿನಿಂದಲೇ. ಸೆಪ್ಟೆಂಬರ್‌ನಲ್ಲಿ ಧಾರವಾಡದ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರುವುದಿಲ್ಲ, ಮೇಲಿಂದ ಎರಡು ಹೊತ್ತು ಕೊಡ ಬಗ್ಗಿಸಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ತಲೆ ಬಾಗಿಸುತ್ತದೆ. ಪಾಪ ಬಾಡಿದೆ ಎಂದು ಮತ್ತೊಂದು ತಂಬಿಗೆ ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ಸತ್ತ ಗಿಡವೊಂದನ್ನು ಕಿತ್ತು ನೋಡಿ. ಬೇರು ಕಂದಾಗಿ, ಹಿಡಿದರೆ ಸಿಪ್ಪೆ ಜಾರುವಂತಾಗಿ, ಹಳಸಿದ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಒಳ್ಳೆಯ ಬೇರು ಬಿಳಿಯಾಗಿ, ಗಟ್ಟಿಯಾಗಿ ಇರುತ್ತದೆ. ಇನ್ನು ಮುಂದೆ ಗಡಿಯಾರ ನೋಡಿ ನೀರು ಹಾಕಬೇಡಿ, ಬೆರಳು ಇಳಿಸಿ ನೋಡಿ. ಎರಡು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ತಣ್ಣಗೆ, ತೇವವಾಗಿ ತಗುಲಿದರೆ ಆ ದಿನ ಆ ಕುಂಡದ ಗೊಡವೆಗೆ ಹೋಗಬೇಡಿ. ಒಣಗಿದ್ದರೆ ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ ನಿಲ್ಲಿಸಿ. ತೂತು ಮುಚ್ಚಿಕೊಂಡಿಲ್ಲವಷ್ಟೇ, ಅದನ್ನೂ ನೋಡಿ.

ಮಣ್ಣು ಎಲ್ಲಿಂದ ತಂದಿರೆಂದು ಬರೆದಿಲ್ಲ. ಧಾರವಾಡ ಎರಡು ಮಣ್ಣುಗಳ ಗಡಿಯಲ್ಲಿ ಕೂತ ಊರು. ಪಶ್ಚಿಮಕ್ಕೆ ಕೆಂಪು ಮಣ್ಣು, ನವಲಗುಂದ, ಅಣ್ಣಿಗೇರಿಯ ಕಡೆಗೆ ನಡೆದರೆ ಎರೆಮಣ್ಣು. ಎರೆಮಣ್ಣು ಹೊಲದಲ್ಲಿ ಜೋಳ, ಕಡಲೆ, ಹತ್ತಿಗೆ ಒಡವೆಯಿದ್ದಂತೆ, ಕುಂಡದಲ್ಲಿ ಮಾತ್ರ ಬೇಡ. ಒದ್ದೆಯಾದರೆ ಅಂಟಿಕೊಂಡು ನೀರು ಬಿಡುವುದಿಲ್ಲ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಇದಕ್ಕೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಟೊಮೆಟೊ, ಮುಳಗಾಯಿಗೆ ಕನಿಷ್ಠ ಒಂದು ಅಡಿ ಆಳದ ಕುಂಡ ಬೇಕು, ಸೊಪ್ಪಿಗೆ ಅರ್ಧ ಅಡಿ ಆಳದ ಅಗಲವಾದ ಟ್ರೇ ಸಾಕು. ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 45 ಕಿಲೊ ತೂಗುತ್ತದೆ. ಆದ್ದರಿಂದ ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಗುಂಪುಹಾಕದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನ ಸಾಲಿನಲ್ಲಿ ಇಡಿ.

ಮುಟುರಿದ ಮೆಣಸಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಕೀಟದ ಕೆಲಸ. ಕೆಳಕ್ಕೆ ಬಾಗಿ ಎಲೆ ಉದ್ದುದ್ದ ಎಳೆದಂತಿದ್ದರೆ ಮೈಟ್ ನುಸಿ. ಎರಡೂ ಇರುವುದು ಎಳೆ ಎಲೆಯಲ್ಲಿ, ಹೆಚ್ಚಾಗಿ ಎಲೆಯ ಬೆನ್ನಿನಲ್ಲಿ. ತೀರ ಮುದುಡಿದ ಕುಡಿಗಳನ್ನು ಚಿವುಟಿ ದೂರ ಹಾಕಿ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಬೆನ್ನು ನೆನೆಯುವಂತೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ನಾಲ್ಕು ವಾರ. ಹೊಸ ಚಿಗುರು ನೆಟ್ಟಗೆ ಬಂದರೆ ಗಿಡ ಉಳಿಯಿತು. ಹಳೆಯ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೆ ಕಾಯಬೇಡಿ.

ಇಪ್ಪತ್ತರಲ್ಲಿ ಬದುಕಿರುವವನ್ನು ಇಟ್ಟುಕೊಂಡು, ಖಾಲಿಯಾದ ಕುಂಡಗಳಲ್ಲಿ ಈಗ ಸೊಪ್ಪು ಮಾತ್ರ ಹಾಕಿ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಚಳಿ ಸೊಪ್ಪಿಗೆ ಹೇಳಿ ಮಾಡಿಸಿದ ಕಾಲ. ಮೆಂತ್ಯ ಮೂರು ನಾಲ್ಕು ದಿನದಲ್ಲಿ ತಲೆ ಎತ್ತುತ್ತದೆ, 25ರಿಂದ 30 ದಿನಕ್ಕೆ ಕೀಳಬಹುದು. ಕೊತ್ತಂಬರಿಗೆ ತಾಳ್ಮೆ ಬೇಕು. ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳಾಗಿಸಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿದರೂ ಮೊಳಕೆ ಬರಲು ಎಂಟರಿಂದ ಹನ್ನೆರಡು ದಿನ ಹಿಡಿಯುತ್ತದೆ. ಆರನೆಯ ದಿನ ಮಣ್ಣು ಕೆದಕಿ ನೋಡುವವರೇ ಹೆಚ್ಚು. ಕೆದಕಬೇಡಿ. ಹತ್ತು ದಿನಕ್ಕೊಂದು ಟ್ರೇಯಂತೆ ಬಿತ್ತಿದರೆ ಒಂದು ಕೀಳುವ ಹೊತ್ತಿಗೆ ಇನ್ನೊಂದು ಮೊಳೆತಿರುತ್ತದೆ. ಮೂರು ಜನರ ಮನೆಗೆ ಅಷ್ಟು ಧಾರಾಳ. ಪಾಲಕ್, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಕೂಡ ಈಗ ಚೆನ್ನಾಗಿ ಬರುತ್ತವೆ. ಟೊಮೆಟೊ ಬೇಕೇ ಬೇಕೆನಿಸಿದರೆ ಎರಡು ಗಿಡ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಈ ಮೂರು ರೋಗಗಳನ್ನೂ ತಡೆಯುತ್ತದೆ. ಅದು ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಉಳಿಸುವ ಸಂತೋಷ ಬೇಕಿದ್ದರೆ ಮೆಂತ್ಯದ ನಾಲ್ಕು ಗಿಡವನ್ನು ಕೀಳದೆ ಹೂವಿಗೆ ಬಿಡಿ. ಬೀಜ, ಗೊಬ್ಬರದ ಸಂದೇಹಗಳಿಗೆ ನಿಮ್ಮ ಊರಿನಲ್ಲೇ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಸೆಪ್ಟೆಂಬರ್‌ನ ಕೃಷಿ ಮೇಳಕ್ಕೆ ಮುಂದಿನ ವರ್ಷ ಯಜಮಾನರನ್ನೂ ಕರೆದುಕೊಂಡು ಹೋಗಿ.

ಕಸೂತಿಯ ಮಾತಿಗೆ ಬಂದರೆ, ನಿಮ್ಮ ಕೈ ಮರೆತಿಲ್ಲ. ನೀವು ಆರಿಸಿಕೊಂಡ ಬಟ್ಟೆ ತಪ್ಪು. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿ ನಮ್ಮ ಕಡೆಯ ಮದುವಣಗಿತ್ತಿಯ ಹೆಮ್ಮೆ, ನಿಜ. ಆದರೆ ಅದು ಕಸೂತಿಯಲ್ಲೇ ಕಣ್ಣಿಗೆ ಅತಿ ಕಠಿಣವಾದ ಕೆಲಸ. ನಲವತ್ತು ದಾಟಿದವರ ಕಣ್ಣು ಹತ್ತಿರದ ಎಳೆಯನ್ನು ಬಿಡಿಸಿ ನೋಡಲು ಒದ್ದಾಡುತ್ತದೆ, ಅದು ವಯಸ್ಸಿನ ಸಹಜ ಗುಣ. ಕಸೂತಿಯಲ್ಲಿ ಗೀಟು ಹಾಕಿಕೊಂಡು ಹೊಲಿಯುವ ಪದ್ಧತಿ ಇಲ್ಲ, ಹಾಸು ಹೊಕ್ಕು ಎಣಿಸಿಯೇ ಹೋಗಬೇಕು, ಹೀಗಾಗಿ ಎಳೆ ಕಾಣದಿದ್ದರೆ ಎಲ್ಲವೂ ಕೆಟ್ಟಿತು. ನೇತ್ರತಜ್ಞರ ಬಳಿ ಹೋದಾಗ ಓದುವ ಕನ್ನಡಕ ಎನ್ನದೆ, ಹೊಲಿಗೆ ಹಿಡಿಯುವಷ್ಟೇ ದೂರಕ್ಕೆ ಬೇಕೆಂದು ಕೈಯಲ್ಲಿ ಹಿಡಿದು ತೋರಿಸಿ. ಬಲಗೈಯವರಾದರೆ ಬೆಳಕು ಎಡ ಹೆಗಲ ಮೇಲಿಂದ ಬೀಳಲಿ, ಆಗ ಕೈಯ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ.

ಆ ಸೀರೆಯನ್ನು ಸದ್ಯಕ್ಕೆ ಮಡಚಿಡಿ. ತಿಳಿ ಬಣ್ಣದ, ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಅರ್ಧ ಮೀಟರ್ ತನ್ನಿ, ಗಾಢ ಕೆಂಪು ಅಥವಾ ಕಡು ಹಸಿರು ದಾರ ಇರಲಿ. ಆರೆಳೆಯ ದಾರದಲ್ಲಿ ಎರಡೆಳೆ ಬಿಡಿಸಿಕೊಳ್ಳಿ, ಉದ್ದ ಒಂದು ಮೊಳ ಸಾಕು, ಅದಕ್ಕಿಂತ ಉದ್ದವಾದರೆ ಸವೆದು ಜುಂಗು ಏಳುತ್ತದೆ. ಗಂಟು ಹಾಕದೆ ತುದಿ ಬಿಟ್ಟುಕೊಂಡು ಆಮೇಲೆ ಹೊಲಿಗೆಯೊಳಗೇ ಹಾಯಿಸುವುದು ನಿಮಗೆ ಗೊತ್ತೇ ಇದೆ. ಗವಂತಿಯಿಂದ ಶುರು ಮಾಡಿ. ಒಂದು ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತ ಹಿಂದಿರುಗುವ ಹೊಲಿಗೆ ಅದು. ಎರಡೂ ಮಗ್ಗುಲು ಒಂದೇ ತೆರ ಕಾಣುವುದು ಅದರ ಚೆಲುವು. ನೀವು ಬಿಚ್ಚಿ ಬಿಚ್ಚಿ ಸಾಕಾದದ್ದಕ್ಕೆ ಕಾರಣವೂ ಅಲ್ಲೇ ಇದೆ: ಹೋಗುವಾಗ ಒಂದು ಎಳೆ ತಪ್ಪಿದ್ದು ಆಗ ಗೊತ್ತಾಗುವುದಿಲ್ಲ, ಬರುವಾಗ ಮೂಲೆ ಕೂಡಿಕೊಳ್ಳದೆ ನಿಂತಾಗ ಗೊತ್ತಾಗುತ್ತದೆ, ಆ ಹೊತ್ತಿಗೆ ಅರ್ಧ ಗೋಪುರ ಏರಿರುತ್ತದೆ. ಆದ್ದರಿಂದ ಹತ್ತು ಹೊಲಿಗೆಗೊಮ್ಮೆ ಸೂಜಿ ನಿಲ್ಲಿಸಿ ಹಿಂದಕ್ಕೆ ಎಣಿಸಿ. ಕವಲು ಬಂದಲ್ಲಿ ಆ ಕವಲಿಗೆ ಹೋಗಿ, ತುಂಬಿಕೊಂಡು ಮೂಲ ಗೆರೆಗೆ ವಾಪಸು ಬಂದು, ಆಮೇಲೆ ಮುಂದೆ ಸಾಗಿ. ಕವಲನ್ನು ಆಮೇಲೆ ನೋಡೋಣವೆಂದು ಬಿಟ್ಟರೆ ದಾರ ಹಿಂದುಗಡೆ ಜಿಗಿಯಬೇಕಾಗುತ್ತದೆ.

ಮೊದಲಿಗೆ ಒಂದು ಅಂಗೈಯಗಲದ ತುಳಸಿ ವೃಂದಾವನ. ಅದು ಕೂಡಿಕೊಂಡ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರಗಿ, ಆಮೇಲೆ ನೇಯ್ದಂತೆ ಕಾಣುವ ನೇಗಿ, ಗುಣಾಕಾರದ ಗುರುತಿನ ಮೆಂತೆ. ಆನೆ, ತೇರು, ನವಿಲು ಎಲ್ಲ ತಾವಾಗಿ ಬರುತ್ತವೆ. ಸೀರೆಗೆ ಮರಳುವ ದಿನ ಬಂದಾಗ ಎರಡು ಉಪಾಯ ನೆನಪಿಡಿ. ಒಂದು, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಕಪ್ಪು ಬಟ್ಟೆ ಹಿಡಿಯಿರಿ, ಎಳೆಗಳ ನಡುವಿನ ಸಂದಿಯಲ್ಲಿ ಬಿಳುಪು ಇಣುಕಿ ಎಣಿಕೆ ಸುಲಭವಾಗುತ್ತದೆ. ಎರಡು, ಸೀರೆಯ ಮೇಲೆ ಜಾಳು ಬಟ್ಟೆಯ ತುಂಡೊಂದನ್ನು ಟಾಕು ಹಾಕಿ ಅದರ ಮನೆ ಎಣಿಸಿ ಹೊಲಿದು, ಮುಗಿದ ಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಇಡೀ ಸೀರೆ ತುಂಬಿಸುವ ಹಟ ಬೇಡ. ಹಳೆಯ ಇಳಕಲ್ ಸೀರೆಗಳಲ್ಲೂ ಸೆರಗಿನ ಹತ್ತಿರ ದೊಡ್ಡ ಚಿತ್ರಗಳು ಒತ್ತೊತ್ತಾಗಿದ್ದು, ಒಳಗೆ ಹೋದಂತೆ ಚಿಕ್ಕದಾಗುತ್ತ ವಿರಳವಾಗುತ್ತವೆ. ಮತ್ತೊಂದು ಮಾತು: ಮೊದಲು ಮುಗಿಸುವ ತುಂಡು ಮಗಳಿಗೂ ಬೇಡ, ಮಗನಿಗೂ ಬೇಡ, ನಿಮ್ಮದೇ ಕುಪ್ಪಸದ ತೋಳಿಗೆ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನೀವು ಬರೆದ ಪತ್ರದಲ್ಲಿ ನಿಮಗಾಗಿ ಎಂದು ಮಾಡಿಕೊಂಡ ಒಂದು ವಸ್ತುವೂ ಇಲ್ಲ.

ಮಾರುವ ಮಾತು ಒಂದು ವರ್ಷ ದೂರವಿರಲಿ. ಕಸೂತಿಗೆ ಈ ಪ್ರದೇಶದ್ದೇ ಕಲೆಯೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಬೇಡಿಕೆಯೂ ಇದೆ. ಆದರೆ ಒಂದು ಸೆರಗಿಗೆ ಹಿಡಿಯುವ ಗಂಟೆಗಳನ್ನು ಬರೆದಿಟ್ಟು ಕೂಲಿ ಲೆಕ್ಕ ಹಾಕಿದರೆ, ಅಕ್ಕಪಕ್ಕದವರು ಕೊಡುತ್ತೇನೆನ್ನುವ ಬೆಲೆ ಎಷ್ಟು ಕಡಿಮೆಯೆಂದು ನಿಮಗೇ ತಿಳಿಯುತ್ತದೆ. ಗಡುವು ಹಿಡಿದು ಬಂದ ಕೆಲಸ ಈಗಿನ ನಿಮ್ಮ ನಿದ್ದೆಗೂ ಒಳ್ಳೆಯದಲ್ಲ.

ಕೌದಿಯ ವಿಚಾರದಲ್ಲಿ ನಿಮಗೆ ನನಗಿಂತ ದೊಡ್ಡ ತಜ್ಞರು ಮನೆಯಲ್ಲೇ ಇದ್ದಾರೆ. ಪತ್ರದಲ್ಲಿ ಅತ್ತೆಯವರ ವಯಸ್ಸು ಬರೆದಿದ್ದೀರಿ, ಬೇರೇನೂ ಬರೆದಿಲ್ಲ. ಉತ್ತರ ಕರ್ನಾಟಕದ ಆ ತಲೆಮಾರಿನ ಹೆಂಗಸರಲ್ಲಿ ಕೌದಿ ಹೊಲಿಯದವರು ಅಪರೂಪ. ಸುಗ್ಗಿ ಮುಗಿದು ಮಳೆ ಬರುವವರೆಗಿನ ಬಿಡುವಿನಲ್ಲಿ ಕಟ್ಟೆಯ ಮೇಲೆ ನಾಲ್ಕು ಮನೆಯವರು ಕೂಡಿ, ನಾಲ್ಕು ಕಡೆಯಿಂದ ಒಂದೇ ಕೌದಿಗೆ ಸೂಜಿ ಹಾಕುತ್ತಿದ್ದರು. ಅವರೂ ಮಕ್ಕಳನ್ನು ಓದಲು, ನೌಕರಿಗೆ, ಮದುವೆ ಮಾಡಿ ಕಳಿಸಿದವರೇ. ಆ ದಿನಗಳಲ್ಲಿ ಒಂದು ಕಾಗದ ಬರಲು ವಾರ ಕಾಯಬೇಕಿತ್ತು. ಅವರನ್ನು ಹೇಗಿದ್ದಿರಿ ಎಂದು ಕೇಳಿದ್ದೀರಾ? ಕೌದಿ ಹಿಡಿದು ಕೂತಾಗ ಕೇಳಿ. ಸೂಜಿ ಪೋಣಿಸಿಕೊಡುವುದು ನೀವು, ಟಾಕು ಎಷ್ಟು ಅಂತರಕ್ಕೆ ಹಾಕಬೇಕೆಂದು ಹೇಳುವುದು ಅವರು.

ಬಟ್ಟೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಮಗನ ಟೀ ಶರ್ಟುಗಳು ಹಿಗ್ಗುವ ಬಟ್ಟೆ, ಹೊಲಿದ ಮೇಲೆ ಸುಕ್ಕುಗಟ್ಟಿ ಕೌದಿ ಸೊಟ್ಟಗಾಗುತ್ತದೆ. ಹತ್ತಿಯ ಅಂಗಿಗಳು, ಶಾಲೆಯ ಸಮವಸ್ತ್ರ, ಚಿಕ್ಕವನಿದ್ದಾಗಿನ ಜುಬ್ಬಾ ಇವು ಸೈ. ಮೊದಲು ಅವನನ್ನು ಕೇಳಿ. ನಮಗೆ ಹಳೆಯದೆನಿಸಿದ ಅಂಗಿ ಅವನಿಗೆ ಬೇಕಾದದ್ದಿರಬಹುದು. ಒಳಪದರಕ್ಕೆ ನಿಮ್ಮ ಮತ್ತು ಅತ್ತೆಯವರ ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ ಮೂರು ನಾಲ್ಕು ಪದರ ಹಾಸಿ. ಎಲ್ಲವನ್ನೂ ಒಮ್ಮೆ ಒಗೆದು ಗಂಜಿ ಬಿಡಿಸಿ, ನೆಲದ ಮೇಲೆ ಬಿಗಿಯಾಗಿ ಹರಡಿ, ಉದ್ದುದ್ದ ಟಾಕು ಹಾಕಿ ಹಿಡಿಸಿಕೊಳ್ಳಿ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರಬೇಕು, ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ತೇಪೆಯ ಅಂಚನ್ನು ಒಳಕ್ಕೆ ಮಡಚುತ್ತ, ಸಾಲು ಅದರ ಮೇಲೆ ಬಂದಾಗ ಹೊಲಿದುಕೊಳ್ಳುತ್ತ ಹೋಗುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಣ್ಣದ ಮುಕ್ಕೋನದ ತುಂಡುಗಳನ್ನು ಪದರ ಪದರವಾಗಿ ಮಡಚಿ ಕೂಡಿಸುತ್ತಾರೆ, ಅದನ್ನು ಫುಲ ಎನ್ನುತ್ತಾರೆ. ಅದಿಲ್ಲದೆ ಅವರ ಕೌದಿ ಮುಗಿದಂತಲ್ಲ. ನಿಮ್ಮ ಅತ್ತೆಯವರ ಮನೆಯ ಪದ್ಧತಿ ಏನಿತ್ತೋ ಅದನ್ನು ಅವರ ಕೈಯಲ್ಲೇ ಹಾಕಿಸಿ. ಒಂದೆರಡು ತಿಂಗಳಲ್ಲಿ ಮುಗಿಯಲೇಬೇಕೆಂಬ ಲೆಕ್ಕ ಬೇಡ.

ಕೋಣೆ ಬಳಸಿ, ತಪ್ಪಿಲ್ಲ. ಮುಚ್ಚಿಟ್ಟು ದಿನಾ ಧೂಳು ಒರೆಸಿ ನಿಂತು ನೋಡುವ ಕೋಣೆ ಯಾರಿಗೂ ಒಳ್ಳೆಯದಲ್ಲ. ಅವನ ಮಂಚ, ಒಂದು ಕಪಾಟು, ಗೋಡೆಯ ಮೇಲೆ ಅವನು ಅಂಟಿಸಿದ್ದು ಹಾಗೇ ಇರಲಿ. ಕಿಟಕಿಯ ಬಳಿಯ ಓದುವ ಮೇಜು ನಿಮ್ಮದಾಗಲಿ, ಹೊಲಿಗೆಗೆ ಬೇಕಾದ ಬೆಳಕು ಅಲ್ಲೇ ಸಿಕ್ಕೀತು. ಬದಲಾಯಿಸುವ ಮುನ್ನ ಫೋನಿನಲ್ಲಿ ಒಂದು ಮಾತು ಹೇಳಿ. ರಜೆಗೆ ಬಂದು ಬಾಗಿಲು ತೆಗೆದಾಗ ತಿಳಿಯುವಂತಾಗಬಾರದು.

ಯಜಮಾನರ ಬಗ್ಗೆ ನೀವು ಬರೆದ ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿಯಿತು. ಮಂಗಳೂರಿನ ಮಳೆ ನೋಡುವ ತಂದೆ ಮಗನನ್ನೇ ನೋಡುತ್ತಿದ್ದಾರೆ. ಅವರಿಗೆ ಫೋನ್ ಮಾಡಿ ಏನು ಮಾತಾಡಬೇಕೆಂದು ತಿಳಿಯುತ್ತಿಲ್ಲ, ಏಕೆಂದರೆ ಇಷ್ಟು ವರ್ಷ ಮಗನ ಸುದ್ದಿಯೆಲ್ಲ ನಿಮ್ಮ ಮೂಲಕವೇ ಅವರಿಗೆ ತಲುಪಿದೆ. ನೀವು ಮಾತಾಡಿ ಮುಗಿಸಿ 'ಅಪ್ಪನಿಗೆ ಕೊಡುತ್ತೇನೆ' ಎಂದರೆ ಅಲ್ಲಿ ಉಳಿದಿರುವುದು 'ಹೂಂ, ಆರಾಮ' ಎರಡೇ. ಬ್ಯಾಂಕ್ ಖಾತೆ, ಶುಲ್ಕ, ರೈಲು ಬಸ್ಸಿನ ಟಿಕೆಟ್, ಇಂಥ ಒಂದು ವಿಷಯವನ್ನು ಪೂರ್ತಿ ಅವರಿಗೇ ಬಿಟ್ಟುಬಿಡಿ. ಅದಕ್ಕಾಗಿ ಅವರೇ ಮಗನಿಗೆ ಕರೆ ಮಾಡಲಿ, ನೀವು ನಡುವೆ ಬರಬೇಡಿ.

ನಿಮ್ಮಿಬ್ಬರ ಮಾತಿಗೆ ಬಂದರೆ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ನಡುವಯಸ್ಸಿನ ಮಹಿಳೆಯರನ್ನು 18 ವರ್ಷ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಕ್ಕಳು ಮನೆ ಬಿಟ್ಟ ಮೇಲೆ ಆ ಮಹಿಳೆಯರಿಗೆ ದಾಂಪತ್ಯದಲ್ಲಿ ತೃಪ್ತಿ ಹೆಚ್ಚಿತ್ತು. ಗಂಡನ ಜೊತೆ ಕಳೆಯುವ ಹೊತ್ತು ಹೆಚ್ಚಾದದ್ದು ಅದಕ್ಕೆ ಕಾರಣವಾಗಿರಲಿಲ್ಲ, ಜೊತೆಗಿದ್ದ ಹೊತ್ತು ಹೆಚ್ಚು ಹಿತವಾಗಿತ್ತು. ಅಲ್ಲಿಯ ಮನೆಗಳಿಗೂ ಅತ್ತೆ, ನೆಂಟರು, ವ್ರತ ಹಬ್ಬಗಳಿರುವ ನಮ್ಮ ಮನೆಗಳಿಗೂ ವ್ಯತ್ಯಾಸವಿದೆ. ಆದರೂ ಆ ಮಾತು ನಾನು ಮನೆಮನೆಗಳಲ್ಲಿ ಕಂಡದ್ದಕ್ಕೆ ಹೊಂದುತ್ತದೆ. ಇಡೀ ದಿನ ಒಟ್ಟಿಗಿರಬೇಕಿಲ್ಲ. ಸಂಜೆ ಕೆಲಗೇರಿ ಕೆರೆಯ ದಂಡೆಯಲ್ಲೋ ಸಾಧನಕೇರಿಯಲ್ಲೋ ಅರ್ಧ ಗಂಟೆ ನಡೆಯಿರಿ, ಆ ಅರ್ಧ ಗಂಟೆ ಮಕ್ಕಳ ಸುದ್ದಿ ಎತ್ತಬೇಡಿ. ಮೊದಲ ವಾರ ಮಾತೇ ಹೊಳೆಯುವುದಿಲ್ಲ, ಸುಮ್ಮನೆ ನಡೆಯಿರಿ. ನಿವೃತ್ತಿಗೆ ಎರಡು ವರ್ಷವಿರುವಾಗಲೇ ಈ ರೂಢಿ ಬೀಳುವುದು ನಿಮ್ಮ ಅದೃಷ್ಟ. ತಾರಸಿಯ ಗೊಬ್ಬರದ ಡಬ್ಬವನ್ನೂ ಅವರ ಕೈಗೆ ಕೊಡಿ. ಅಡುಗೆಮನೆಯ ಸಿಪ್ಪೆ ಒಂದು ಪಾಲಾದರೆ ಒಣ ಎಲೆ ಎರಡು ಪಾಲು, ವಾರಕ್ಕೊಮ್ಮೆ ತಿರುವಿ ಹಾಕುವುದು, ಸುಮಾರು ಎರಡು ತಿಂಗಳಿಗೆ ಕಪ್ಪು ಗೊಬ್ಬರ. ತಮ್ಮದೇ ಕೆಲಸವೆಂದಾದರೆ ಗಂಡಸರು ಇದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಮಗನಿಗೆ ದಿನಕ್ಕೆ ಮೂರು ಕರೆ ಹೆಚ್ಚಾಯಿತು. ಅವನು ಒರಟನಲ್ಲ. ಊಟ ಆಯಿತಾ, ನಿದ್ದೆ ಆಯಿತಾ, ಓದಿದೆಯಾ ಎಂಬ ಮೂರು ಪ್ರಶ್ನೆಗೆ ಯಾವ ಹುಡುಗನೂ ಅದಕ್ಕಿಂತ ಉದ್ದದ ಉತ್ತರ ಕೊಡಲಾರ. ವಾರಕ್ಕೆ ಎರಡು ಮೂರು ಸಲ ಅವನಿಗೆ ಅನುಕೂಲವಾದ ಹೊತ್ತು ಗೊತ್ತುಮಾಡಿಕೊಳ್ಳಿ. ಕೇಳುವುದಕ್ಕಿಂತ ಹೇಳಿ: ಕೊತ್ತಂಬರಿ ಹತ್ತನೆಯ ದಿನ ಮೊಳೆಯಿತು, ಅಜ್ಜಿ ಕೌದಿಯ ಮೂಲೆಗೆ ನಿನ್ನ ಒಂದನೆಯ ತರಗತಿಯ ಅಂಗಿ ಹಾಕಿದಳು. ಅವನಿಗೆ ಗೊತ್ತಿರುವ ವಿಷಯ ಅವನಿಂದ ಕಲಿಯಿರಿ. ಅವನು ಎಷ್ಟು ಗಂಟೆಯವರೆಗೆ ಆನ್‌ಲೈನ್ ಇದ್ದನೆಂದು ರಾತ್ರಿ ಎದ್ದು ನೋಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ನಿಮ್ಮ ನಿದ್ದೆಗೆಟ್ಟ ರಾತ್ರಿಗಳಲ್ಲಿ ಅದರ ಪಾಲೂ ಇರಬಹುದು. ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ, ಕಟಕ ರೊಟ್ಟಿ ತಿಂಗಳಿಗೊಮ್ಮೆ ಕಳಿಸಿ. ಕೋಣೆಯ ಹುಡುಗರಿಗೂ ಸಾಲುವಷ್ಟು ಕಳಿಸಿ, ಅವನಿಗೆ ಗೆಳೆಯರಾಗುವುದು ಹಾಗೆಯೇ.

ಸಂಕ್ರಾಂತಿಗೆ ಬಂದರೆ ಮೊದಲ ದಿನ ಮಲಗಲು ಬಿಡಿ. ಹಾಸ್ಟೆಲ್‌ನಲ್ಲಿ ಗದ್ದಲವಿರುತ್ತದೆ, ಮಕ್ಕಳು ಮನೆಗೆ ಬಂದು ನಿದ್ದೆಯ ಬಾಕಿ ತೀರಿಸಿಕೊಳ್ಳುತ್ತಾರೆ. ಒಂದು ಊಟ ಎಲ್ಲರೂ ಒಟ್ಟಿಗೆ ಎಂದು ಮುಂಚೆಯೇ ಹೇಳಿಡಿ, ಉಳಿದ ಹೊತ್ತು ಗೆಳೆಯರದ್ದಾಗಲಿ. ತಂದ ಕೊಳೆ ಬಟ್ಟೆಯ ಚೀಲವನ್ನು ನೀವು ಬಿಚ್ಚಬೇಡಿ, ವಾಷಿಂಗ್ ಮಷಿನ್ ಎಲ್ಲಿದೆಯೆಂದು ಅವನಿಗೆ ಗೊತ್ತಿದೆ. ಬೇಸಿಗೆಯ ಬೆಂಡೆ, ಹೀರೆಗೆ ಆ ಹೊತ್ತಿಗೆ ಹೊಸ ಕೆಂಪು ಮಣ್ಣು ಬೇಕಾಗುತ್ತದೆ. ಚೀಲಗಳನ್ನು ಮೇಲೆ ಹೊತ್ತು ಹಾಕಲು ಅವನಿಗೇ ಹೇಳಿ.